ಅವಳು ಅಕ್ಷರ, ನಾನು ಮಾತು ಕಲಿತ ವರ್ಷ

ಹೋದ ವಾರ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೆವು. ಹಿತ್ತಲಲ್ಲಿ ಕೊಬ್ಬರಿ ಅಟ್ಟದ ಕೆಳಗಿರುವ ಗೋಡೆಯ ಮುಂದೆ ಬಣ್ಣದವನು ಬ್ರಷ್ ಹಿಡಿದು ನಿಂತು, "ಅಣ್ಣಾ, ಇಲ್ಲಿ ಇದ್ದಿಲಲ್ಲಿ ಏನೇನೋ ಗೀಚವ್ರೆ. ಇದರ ಮೇಲೂ ಬಳಿದುಬುಡ್ಲಾ?" ಎಂದು ಕೂಗಿ ಕೇಳಿದ. ಹೋಗಿ ನೋಡಿದೆ. ತೆಂಗು, ಕಾಯಿ, ಕಾಗೆ, ಕತ್ತಿ, ಎಮ್ಮೆ, ಏಣಿ. ಮಸುಕಾಗಿದ್ದರೂ ಓದಲು ಬರುತ್ತಿತ್ತು. ದುಂಡಗಿರುವ ಅಕ್ಷರಗಳು ನನ್ನವು. ಅವುಗಳ ಕೆಳಗೆ ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿಕೊಂಡಿರುವವು ನನ್ನ ಹೆಂಡತಿ ಹೊನ್ನಮ್ಮನವು.

"ಇದೊಂದು ಗೋಡೆ ಬುಡಪ್ಪ" ಎಂದೆ.

ಅವನು ತಟ್ಟನೆ ತಿರುಗಿ ನನ್ನ ಮುಖ ನೋಡಿದ, ಆಮೇಲೆ ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆ ನೋಡಿದ. ನನ್ನ ದನಿಯನ್ನು ಮೊದಲ ಸಲ ಕೇಳಿದವರು ಹೀಗೇ ನೋಡುತ್ತಾರೆ. ಬಾವಿಯ ತಳದಿಂದ ಬಂದ ಹಾಗೆ, ಎರಡೆರಡು ಮಾತಿಗೆ ನಿಂತು ನಿಂತು ಬರುವ ದನಿ ಅದು. ಅವನು ಪಕ್ಕದ ಗೋಡೆಗೆ ಹೋದ. ನಾನು ಅಲ್ಲೇ ಒಂದು ಮೂಟೆಯ ಮೇಲೆ ಕುಳಿತೆ. ಆ ಒಂದು ವರ್ಷ ಪೂರ್ತಿ ಕಣ್ಣ ಮುಂದೆ ಬಂತು.

ನಮ್ಮದು ಹೊನ್ನವಳ್ಳಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು. ತೆಂಗಿನ ತೋಟ, ಎರಡು ಎಮ್ಮೆ, ಒಂದಷ್ಟು ರಾಗಿ ಹೊಲ. ಇದ್ದೊಬ್ಬ ಮಗಳು ಮದುವೆಯಾಗಿ ತುರುವೇಕೆರೆಯಲ್ಲಿದ್ದಾಳೆ. ತಿಪಟೂರಿನಲ್ಲಿ ಪಿಯುಸಿ ತನಕ ಓದಿದವನು ನಾನು. ಆದರೆ ಊರಲ್ಲಿ ನನಗೆ ಹೆಸರು ತಂದದ್ದು ಓದಲ್ಲ, ಗಂಟಲು. ತೋಟದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಕಾಯಿ ಕೀಳುವವರು ಮರದ ಮೇಲಿಂದಲೇ ಓ ಅನ್ನುತ್ತಿದ್ದರು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಏನೇ ಬರಲಿ, "ಬಸಣ್ಣನ್ನ ಕರೀರಿ" ಎನ್ನುತ್ತಿದ್ದರು. ಮನೆಯೊಳಗೂ ಮಾತು ನನ್ನದೇ. ಹೊನ್ನಮ್ಮ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಲಿತಿದ್ದ ನಾಲ್ಕು ಅಕ್ಷರ ಎಮ್ಮೆಗಳ ಹಿಂದೆ ಓಡಾಡುವುದರಲ್ಲಿ ಮರೆತುಹೋಗಿತ್ತು. ಅವಳ ಮಾತಿನಲ್ಲಿ ಹಕಾರವೇ ಇಲ್ಲ. ಹಾಲು ಆಲು, ಹಗ್ಗ ಅಗ್ಗ, ತನ್ನ ಹೆಸರು ಒನ್ನಮ್ಮ. ಮೂವತ್ತು ವರ್ಷದಿಂದ ನಾನು ನಾಲ್ಕು ಜನರ ಮುಂದೆಯೇ ಅದನ್ನು ತಿದ್ದುತ್ತಿದ್ದೆ. ಅವಳು ನಕ್ಕು ಒಳಗೆ ಹೋಗುತ್ತಿದ್ದಳು.

ಗಂಟಲು ಕಟ್ಟಿದ್ದು ಒಂದು ಬೇಸಿಗೆಯಲ್ಲಿ. ಬೀಡಿಯಿಂದ ಹೀಗಾಗಿದೆ, ಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡೆ. ಬಿಟ್ಟೆ. ಸರಿಹೋಗಲಿಲ್ಲ. ತಿಪಟೂರಿನ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಕ್ಯಾನ್ಸರ್ ಇರೋದು ಧ್ವನಿಪೆಟ್ಟಿಗೆಯಲ್ಲಿ. ಅದನ್ನ ಪೂರ್ತಿ ತೆಗೀಬೇಕು. ಉಸಿರಾಟಕ್ಕೆ ಕುತ್ತಿಗೆಯಲ್ಲೇ ಒಂದು ದಾರಿ ಮಾಡ್ತೀವಿ. ಆದರೆ ಈಗಿನ ಮಾತು ಹೋಗುತ್ತೆ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹೊನ್ನಮ್ಮ ಕೇಳಿದಳು. "ಜೀವ ಉಳೀತದಾ ಸಾಮಿ?"

"ಉಳಿಸೋದಕ್ಕೇ ಮಾಡ್ತಿರೋದು ತಾಯಿ."

"ಅಂಗಾದ್ರೆ ತಗೀರಿ."

ನನ್ನ ಗಂಟಲನ್ನು ಅವಳು ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟಳು. ಅವತ್ತು ಅವಳ ಮೇಲೆ ಬಂದ ಸಿಟ್ಟು ತಿಂಗಳುಗಟ್ಟಲೆ ನನ್ನೊಳಗೆ ಕೂತಿತ್ತು.

ಮುಂಗಾರು ಶುರುವಾಗುವ ಹೊತ್ತಿಗೆ ಆಪರೇಷನ್ ಆಯಿತು. ಆಮೇಲೆ ಒಂದೂವರೆ ತಿಂಗಳು ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗೌರಿ ಹಬ್ಬದ ಹಿಂದಿನ ವಾರ ಊರಿಗೆ ಬಂದಾಗ ನಾನು ಬೇರೆಯೇ ಮನುಷ್ಯ. ಉಸಿರು ಕುತ್ತಿಗೆಯ ತೂತಿನಿಂದ. ಮೂಗು ಬರೀ ನೋಟಕ್ಕೆ, ವಾಸನೆ ಹಿಡಿಯುವುದಿಲ್ಲ. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಕೂತ ನನಗೆ ಗೊತ್ತಾಗಲಿಲ್ಲ. ಸ್ನಾನ ಮಾಡುವಾಗ ತೂತಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕು. ದಿನಕ್ಕೆ ಮೂರು ಸಲ ಉಪ್ಪುನೀರು ಬಿಟ್ಟು, ಚಿಮಟದಿಂದ ಒಳಗೆ ಒಣಗಿ ಅಂಟಿದ ಕಫದ ಹೆಕ್ಕಳೆ ತೆಗೆದು ಒರೆಸಬೇಕು. ಇದನ್ನೆಲ್ಲ ಆಸ್ಪತ್ರೆಯ ನರ್ಸು ಹೊನ್ನಮ್ಮನಿಗೆ ಕಲಿಸಿದ್ದರು. ಬರೆದ ಹಾಳೆಯೊಂದನ್ನೂ ಕೊಟ್ಟಿದ್ದರು. ಅವಳು ಅದನ್ನು ಮಡಿಸಿ ಟ್ರಂಕಿನಲ್ಲಿಟ್ಟು, ಹೇಳಿಕೊಟ್ಟಿದ್ದನ್ನು ಬಾಯಿಪಾಠ ಮಾಡಿಕೊಂಡು, ಕರುವಿನ ಕಣ್ಣು ಒರೆಸುವಷ್ಟು ಹಗುರವಾಗಿ ಮಾಡುತ್ತಿದ್ದಳು. ನಾನು ಅವಳ ಮುಖ ನೋಡದೆ ತೊಲೆ ಎಣಿಸುತ್ತ ಕೂರುತ್ತಿದ್ದೆ.

ನೋಡಲು ಬಂದವರೆಲ್ಲ ಕಿವುಡನಿಗೆ ಹೇಳುವ ಹಾಗೆ ನನ್ನ ಕಿವಿಯ ಹತ್ತಿರ ಕಿರುಚುತ್ತಿದ್ದರು. "ಅವ್ರಿಗೆ ಕಿವಿ ನೆಟ್ಟಗೈತೆ ಕಣಣ್ಣ, ಮೆಲ್ಲಗೆ ಮಾತಾಡು" ಎಂದು ಹೊನ್ನಮ್ಮ ಒಳಗಿನಿಂದ ಹೇಳುವಳು. ಬರಬರುತ್ತ ಬರುವವರೂ ಕಡಿಮೆಯಾದರು. ನನ್ನ ಹಾಸಿಗೆಯನ್ನು ನಾನೇ ಹಜಾರಕ್ಕೆ ತಂದು ಹಾಕಿಕೊಂಡೆ. ಕುತ್ತಿಗೆಯಿಂದ ಗೊರಗೊರ ಎನ್ನುವ ಉಸಿರು ಪಕ್ಕದಲ್ಲಿ ಯಾರಿಗೂ ಬೇಡ ಅನಿಸಿತ್ತು.

ನನಗೆ ಬರೆಯಲು ಬರುತ್ತದೆ, ಅವಳಿಗೆ ಓದಲು ಬರುವುದಿಲ್ಲ. ಉಳಿದದ್ದು ತುಟಿ, ಕೈಸನ್ನೆ. ಒಂದು ದಿನ ಮಾತ್ರೆ ಬೇಕಿತ್ತು. "ಮಾತ್ರೆ" ಎಂದು ತುಟಿ ಆಡಿಸಿದೆ. ಅವಳು ಅಡುಗೆಮನೆಯಿಂದ ಪಾತ್ರೆ ತಂದಳು. ಮತ್ತೆ ತುಟಿ ಆಡಿಸಿದೆ. ಅದಕ್ಕಿಂತ ದೊಡ್ಡ ಪಾತ್ರೆ ತಂದಳು. ಕನ್ನಡಿಯಲ್ಲಿ ನೋಡಿಕೊಂಡರೆ ಎರಡು ಮಾತಿಗೂ ತುಟಿ ಒಂದೇ ರೀತಿ ಕೂಡುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ಪಾತ್ರೆಯನ್ನು ಗೋಡೆಗೆ ಎಸೆದಾಗಿತ್ತು.

ಅವಳು ಉರುಳಿದ ಪಾತ್ರೆಯನ್ನು ಎತ್ತಿಕೊಂಡು ನನ್ನ ಮುಂದೆಯೇ ಇಟ್ಟಳು. "ನಿಮ್ ದನಿ ಓಗೈತೆ ಕಣ್ರೀ, ನನ್ ಬುದ್ಧಿ ಓಗಿಲ್ಲ. ನೀವು ಬರ್ದಿದ್ದು ಓದಾಕೆ ಬರಲ್ಲ ಅಂತ ನಂಗೇನು ಸುಖನಾ?" ಎಂದು ಎದ್ದು ತೋಟಕ್ಕೆ ಹೋದಳು. ಅಷ್ಟು ಉದ್ದದ ಮಾತನ್ನು ಅವಳು ನನ್ನೆದುರು ಆಡಿದ್ದು ಅದೇ ಮೊದಲು.

ಕಾರ್ತಿಕದಲ್ಲಿ ಅಟ್ಟದ ಕಾಯಿ ಇಳಿಸುವ ಕೆಲಸ ಬಂತು. ಸುಮಾರು ಒಂದು ವರ್ಷ ಅಟ್ಟದಲ್ಲೇ ಇದ್ದು, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಎನ್ನುವ ಕಾಯಿ. ಅಟ್ಟದಲ್ಲಿ ಮೊಣಕಾಲುದ್ದ ಧೂಳು. "ನೀವು ಅತ್ತಬ್ಯಾಡಿ, ಆಳು ಬತ್ತರೆ" ಎಂದು ಹೇಳಿ ಹೊನ್ನಮ್ಮ ಎಮ್ಮೆಗೆ ಹುಲ್ಲು ತರಲು ಹೋದಳು. ಹತ್ತಬೇಡ ಎಂದಿದ್ದಕ್ಕೇ ನಾನು ಹತ್ತಿದೆ. ಬೆವರಿಗೆ ಅಂಟುತ್ತಿದ್ದ ಕುತ್ತಿಗೆಯ ಬಟ್ಟೆಯನ್ನೂ ಬಿಚ್ಚಿಟ್ಟೆ. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಒಂದು ಕೆಮ್ಮು ಬಂತು, ಒಳಗೆ ಏನೋ ಕಿತ್ತು ಬಂದು ತೂತಿಗೆ ಬಿರಡೆಯ ಹಾಗೆ ಕೂತಿತು.

ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಕೂಗಲು ದನಿ ಇಲ್ಲ. ಕಣ್ಣು ಕತ್ತಲಿಟ್ಟಿತು. ಏಣಿ ಎಲ್ಲಿದೆ ಎಂದು ಕಾಣದೆ ಅಲ್ಲೇ ಬಿದ್ದು, ಕಾಲಿಗೆ ಸಿಕ್ಕ ಕಾಯಿಗಳನ್ನು ಒದ್ದೆ. ಅಟ್ಟದ ಬಾಗಿಲಿನಿಂದ ಕಾಯಿಗಳು ಕೆಳಗಿನ ಕೊಟ್ಟಿಗೆಯ ತಗಡಿನ ಮೇಲೆ ದಬದಬ ಬಿದ್ದವು. ಮತ್ತೆ ಒದ್ದೆ. ಆ ಸದ್ದಿಗೆ ಅವಳು ಹುಲ್ಲಿನ ಹೊರೆ ಬಿಸಾಡಿ ಓಡಿಬಂದಿದ್ದಳು. ಏಣಿ ಹತ್ತಿ ಬಂದು, ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಸೊಂಟದ ಚೀಲದಿಂದ ಉಪ್ಪುನೀರಿನ ಸೀಸೆ ತೆಗೆದು ಎರಡು ಹನಿ ಬಿಟ್ಟಳು. ಚಿಮಟ ಇಟ್ಟು ಒಂದೇ ಎಳೆತಕ್ಕೆ ಆ ಹೆಕ್ಕಳೆಯನ್ನು ಕಿತ್ತಳು. ಗಾಳಿ ಒಳಗೆ ನುಗ್ಗಿತು. ಆ ಚೀಲವನ್ನು ಅವಳು ಆಸ್ಪತ್ರೆಯಿಂದ ಬಂದ ದಿನದಿಂದಲೂ ಸೊಂಟಕ್ಕೆ ಕಟ್ಟಿಕೊಂಡೇ ತಿರುಗುತ್ತಿದ್ದಳು. ನಾನು ಅದನ್ನು ಎಲೆಅಡಿಕೆ ಚೀಲ ಎಂದುಕೊಂಡಿದ್ದೆ.

ಅವಳು ಬೈಯಲಿಲ್ಲ. ಧೂಳಿನಲ್ಲೇ ಕೂತು ಚಿಮಟ ಒರೆಸಿ ಚೀಲಕ್ಕೆ ಹಾಕಿದಳು. ಆಮೇಲೆ, "ನರ್ಸಮ್ಮ ಏಳಿದ್ದು ಮರ್ತೋಗಿದ್ರೆ ಏನ್ಮಾಡ್ತಿದ್ದೆ? ಆ ಆಳೇಲಿ ಏನೈತೆ ಅಂತ ನಾನೇ ಓದ್ಬೇಕು. ನಂಗೆ ಅಕ್ಸರ ಏಳ್ಕೊಡಿ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಆಸ್ಪತ್ರೆಯಲ್ಲಿ ಅವಳ ಮೇಲೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಇದ್ದಿಲು ತೆಗೆದುಕೊಂಡು ಗೋಡೆಯ ಮುಂದೆ ನಿಂತೆವು. ಆಗ ಹೊಳೆಯಿತು ನಮ್ಮ ಕಷ್ಟ. 'ಕ' ಎಂದು ಬರೆಯಬಹುದು, ಅದನ್ನು ಕ ಎಂದು ಹೇಳಿಕೊಡುವವರು ಯಾರು? ಮೇಷ್ಟ್ರಿಗೆ ದನಿಯಿಲ್ಲ. ಸ್ವಲ್ಪ ಯೋಚಿಸಿ 'ಕಾಯಿ' ಎಂದು ಬರೆದು, ಕೆಳಗೆ ಬಿದ್ದಿದ್ದ ಕಾಯಿ ತೋರಿಸಿದೆ. "ಕಾಯಿ" ಎಂದಳು. 'ಕಾಗೆ' ಎಂದು ಬರೆದು ತೆಂಗಿನ ಗರಿಯ ಮೇಲೆ ಕೂತಿದ್ದ ಕಾಗೆ ತೋರಿಸಿದೆ. "ಕಾಗೆ" ಎಂದವಳು ಎರಡನ್ನೂ ಮತ್ತೆ ಮತ್ತೆ ನೋಡಿ, ಬೆರಳಿಟ್ಟು, "ಅಯ್ಯೋ, ಎರಡ್ಕೂ ಮುಂದ್ಗಡೆ ಒಂದೇ ಐತಲ್ರೀ! ಇದು ಕಾ!" ಎಂದು ಕೂಗಿಬಿಟ್ಟಳು. ಬೆಲ್ಲ ಸಿಕ್ಕಿದ ಮಗುವಿನ ಮುಖ. ನಾನು ಚಪ್ಪಾಳೆ ತಟ್ಟಿದೆ.

ಹೀಗೆ ತೋಟದಲ್ಲಿ ಕಾಣುವುದೆಲ್ಲ ಗೋಡೆಗೆ ಬಂತು. ಮಧ್ಯಾಹ್ನ ಊಟವಾದ ಮೇಲೆ ದಿನಾ ಪಾಠ. ತಪ್ಪಿದರೆ ನಾನು ತಲೆ ಅಲ್ಲಾಡಿಸುವುದು, ಸರಿಯಾದರೆ ಚಪ್ಪಾಳೆ. ಒತ್ತಕ್ಷರ ಬಂದಾಗ ಅವಳು ಇದ್ದಿಲು ಬಿಸಾಡಿ, "ಇದ್ಯಾವನು ಕಂಡಿಡ್ದ್ನೋ, ಅವ್ನ ಮನೆ ಆಳಾಗ" ಎಂದು ಬೈದಳು. ಬೈದು ಮತ್ತೆ ಇದ್ದಿಲು ಎತ್ತಿಕೊಂಡಳು.

ಸಂಕ್ರಾಂತಿಯ ಮಾರನೆಯ ದಿನ ಟ್ರಂಕಿನಿಂದ ಆ ಹಾಳೆ ತೆಗೆದಳು. ಜಗಲಿಯ ಬಿಸಿಲಿನಲ್ಲಿ ಕೂತು, ಬೆರಳು ಜಾರಿಸುತ್ತ, ಒಂದೊಂದು ಅಕ್ಷರ ಕೂಡಿಸುತ್ತ ಓದಿದಳು. ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಯ ಸಾಲಿಗೆ ಬಂದಾಗ ಎರಡು ಸಲ ಓದಿ, ತಲೆಯೆತ್ತಿ ನನ್ನ ನೋಡಿದಳು. "ರೋ-ಗಿ-ಗೆ ಮ-ತ್ತೆ ಮಾ-ತು ಕ-ಲಿ-ಸ-ಲಾ-ಗು-ವು-ದು. ವಿ-ಚಾ-ರಿ-ಸಿ. ಏನ್ರೀ ಇದು? ಮತ್ತೆ ಮಾತು ಕಲಿಸ್ತಾರಂತೆ!"

ಹಾಳೆ ಕಿತ್ತುಕೊಂಡು ನೋಡಿದೆ. ಹೌದು, ಹಾಗೇ ಇತ್ತು. ಆಸ್ಪತ್ರೆಯಲ್ಲಿ ಯಾರಾದರೂ ಬಾಯಲ್ಲಿ ಹೇಳಿಯೂ ಇದ್ದರೇನೋ, ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಓದು ಬರುವವನು ನಾನು, ನಾಲ್ಕು ತಿಂಗಳಿಂದ ಆ ಹಾಳೆ ಮುಟ್ಟಿರಲಿಲ್ಲ. ಓದು ಬಾರದವಳು ಕಲಿತು ಓದಿ ಹೇಳಬೇಕಾಯಿತು.

ಬೆಂಗಳೂರಿಗೆ ಹೋದೆವು. ಕಲಿಸುವವರು ನನ್ನ ಹಾಗೆಯೇ ಧ್ವನಿಪೆಟ್ಟಿಗೆ ಕಳೆದುಕೊಂಡಿದ್ದ ಹಿರಿಯರು. ಅವರು ಬಾಯಿ ತೆರೆದು "ಬನ್ನಿ, ಕೂತ್ಕೊಳ್ಳಿ" ಎಂದಾಗ ಹೊನ್ನಮ್ಮ ಕೂರುವುದನ್ನೇ ಮರೆತು ನಿಂತಳು. ಒಂದಷ್ಟು ಗಾಳಿಯನ್ನು ಅನ್ನನಾಳಕ್ಕೆ ನುಂಗಿ, ತೇಗಿನ ಹಾಗೆ ವಾಪಸು ತಂದು, ಆ ತೇಗನ್ನೇ ಬಾಯಲ್ಲಿ ಮಾತು ಮಾಡುವುದು, ಇಷ್ಟೇ ವಿದ್ಯೆ. "ಇಷ್ಟೇನಾ? ಇವ್ರು ಮೂವತ್ತು ವರ್ಸದಿಂದ ಊಟ ಆದ್ಮೇಲೆ ಊರಿಗೆ ಕೇಳಂಗೆ ತೇಗವ್ರೆ, ಬತ್ತದೆ ಬುಡಿ" ಎಂದಳು ಹೊನ್ನಮ್ಮ. ಮೇಷ್ಟ್ರು ಮೈ ಕುಲುಕಿಸಿ ನಕ್ಕರು. ನಮ್ಮ ನಗುವಿಗೆ ಸದ್ದಿಲ್ಲ.

ಬೇಕೆಂದಾಗ ತೇಗು ಬರುವುದಿಲ್ಲ. ತೋಟದಲ್ಲಿ ಮರದಿಂದ ಮರಕ್ಕೆ ನಡೆಯುತ್ತ ಗಾಳಿ ನುಂಗುತ್ತಿದ್ದೆ. ಹೊಟ್ಟೆ ಉಬ್ಬಿಕೊಳ್ಳುತ್ತಿತ್ತೇ ಹೊರತು ದನಿಯಿಲ್ಲ. ಎರಡು ವಾರ, ಮೂರು ವಾರ. ಶಿವರಾತ್ರಿ ಹತ್ತಿರವಾದಾಗ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಮೇಷ್ಟ್ರು ಕ, ಪ, ಟ ಮೊದಲು ಬರುತ್ತವೆ ಎಂದಿದ್ದರು. ಗಾಳಿ ನುಂಗಿ, ಯೋಚನೆಯನ್ನೇ ಮಾಡದೆ ಬಿಟ್ಟೆ. "ಕಾಪಿ."

ಒರಟು ದನಿ, ಕಪ್ಪೆಯ ದನಿ. ಒಲೆಯ ಮುಂದಿದ್ದವಳು ತಿರುಗಲಿಲ್ಲ. "ತಾಳ್ರಿ, ಆಲು ಕಾಯ್ಲಿ" ಎಂದಳು. ಅಂದವಳ ಕೈಯಿಂದ ಸೌಟು ಬಿತ್ತು. ಎದ್ದು ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಇನ್ನೊಂದ್ ಸಲ ಅನ್ರಿ" ಎಂದಳು. ಅಂದೆ. ಅವತ್ತು ಎಷ್ಟು ಸಲ ಅನ್ನಿಸಿದಳೋ ಅಷ್ಟು ಸಲವೂ ಕಾಫಿ ಕೊಟ್ಟಳು.

ಎಲ್ಲ ಅಕ್ಷರ ಒಂದೊಂದಾಗಿ ವಾಪಸು ಬಂದವು, ಒಂದು ಬಿಟ್ಟು. ಹಕಾರಕ್ಕೆ ಎದೆಯ ಉಸಿರು ಬೇಕು, ಅದು ನನ್ನ ಬಾಯಿಗೆ ಬರುವುದೇ ಇಲ್ಲ. ಹೆಂಡತಿಯ ಹೆಸರನ್ನು ಸರಿಯಾಗಿ ಹೇಳಲು ವಾರಗಟ್ಟಲೆ ಒದ್ದಾಡಿದೆ. ಬಂದದ್ದು "ಒನ್ನಮ್ಮ". ಬೇಜಾರಾಗಿ ಕೂತವನನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಳು. "ಅದೇ ಸರಿ ಕಣ್ರೀ. ನಮ್ಮವ್ವ ಅಂಗೇ ಕರೀತಿದ್ಲು. ಈ ಸೀಮೇಲಿ ಯಾರಿಗೆ ಬತ್ತದೆ ಅದು? ಈಗ್ಲಾದ್ರೂ ಊರೋರ ತರ ಮಾತಾಡ್ತಿದೀರ." ಅದೇ ದಿನ, ಮಗಳೂ ಅಳಿಯನೂ ಬಂದು ಕೂತಿದ್ದಾಗ, ಹಾಡಹಗಲಲ್ಲೇ ನನ್ನ ಹಾಸಿಗೆಯನ್ನು ಸುತ್ತಿಕೊಂಡು ಒಳಕೋಣೆಗೆ ಹೊತ್ತುಕೊಂಡು ಹೋದಳು.

ಯುಗಾದಿಯ ಹೊತ್ತಿಗೆ ಫೋನೆತ್ತುವ ಧೈರ್ಯ ಬಂತು. ಅರಸೀಕೆರೆಯ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬ ಹೊಸಬ, ನನ್ನ ವಿಷಯ ಗೊತ್ತಿಲ್ಲದವನು, ಮಾಲಿನ ವಿಚಾರ ಎಲ್ಲ ಮಾತಾಡಿ ಕೊನೆಗೆ, "ಗಂಟ್ಲು ಬಾಳ ಕಟ್ಟೈತಲ್ಲಾ ಸಾ, ಮೆಣಸಿನ ಕಷಾಯ ಕುಡೀರಿ, ಎರಡು ದಿನಕ್ಕೆ ಹೋಯ್ತದೆ" ಎಂದ. ಫೋನಿಟ್ಟು ಅವಳಿಗೆ ಹೇಳಿದೆ. ಒಬ್ಬರನ್ನೊಬ್ಬರು ನೋಡಿಕೊಂಡು ಹೊಟ್ಟೆ ಹಿಡಿದುಕೊಂಡೆವು. ನನಗೆ ಬರೀ ನೆಗಡಿಯಾಗಿದೆ ಎಂದುಕೊಂಡಿದ್ದ ಆ ಮನುಷ್ಯ!

ವೈಶಾಖದಲ್ಲಿ ಊರಿನ ಚನ್ನಪ್ಪ ಬಂದ. ಅವನಿಗೂ ಗಂಡನಿಲ್ಲದ ಅವನ ಅತ್ತಿಗೆ ರತ್ನಮ್ಮನಿಗೂ ದಾರಿಯ ಜಗಳ. ಪಾಲಾದ ಮೇಲೆ ದಾರಿ ತನ್ನ ಭಾಗಕ್ಕೆ ಬಂತೆಂದು ಅವನು ಬೇಲಿ ಹಾಕಿದ್ದ. ಅವಳ ತೋಟ ಅದರ ಹಿಂದೆ. "ಅಣ್ಣಾ, ಮಾತಾಡಾಕೆ ಆಗ್ದಿದ್ರೂ ಬರ್ದುಕೊಡಿ, ಎಲ್ರೂ ಒಪ್ತೀವಿ" ಎಂದ. ನಾನು ಮನೆಯವರೊಡನೆ, ಫೋನಿನಲ್ಲಿ ಮಾತಾಡುತ್ತಿದ್ದೆನೇ ಹೊರತು ಜನರ ಮುಂದೆ ಬಾಯಿ ತೆರೆದಿರಲಿಲ್ಲ. ಪಾಲಿನ ಪತ್ರ ನೋಡಿ, ಕಾನೂನಿನ ಪ್ರಕಾರ ಬರೆದೆ. ಅರಳಿಕಟ್ಟೆಯ ಹತ್ತಿರ ಜನ ಸೇರಿದರು. ಓದಲು ಹೊನ್ನಮ್ಮ ನಿಂತಳು. ಸೆರಗು ಬಿಗಿ ಮಾಡಿಕೊಂಡು, ಬೆರಳಿಟ್ಟು, ತಡೆದು ತಡೆದು ಓದಿದಳು. ದಾರಿ ಚನ್ನಪ್ಪನದು, ರತ್ನಮ್ಮ ಹಳ್ಳದ ಕಡೆಯಿಂದ ಸುತ್ತಿಕೊಂಡು ಹೋಗತಕ್ಕದ್ದು ಎಂಬಲ್ಲಿಗೆ ಬಂದು ನಿಂತಳು. ಅಕ್ಷರ ಗೊತ್ತಾಗಲಿಲ್ಲವೇನೋ ಎಂದು ನಾನು ಹತ್ತಿರ ಹೋದೆ.

"ಇದು ಇವ್ರು ಬರ್ದಿರಾದು, ಓದ್ದೆ. ನಂಗೆ ಒಪ್ಗೆ ಇಲ್ಲ" ಎಂದಳು.

ಚನ್ನಪ್ಪ ನಕ್ಕ. "ಅತ್ಗೆಮ್ಮ, ನೀವು ಓದಾಕೆ ಬಂದೋರು. ಓದಿ ಸಾಕು."

"ಓದಾಕೆ ಕಲ್ತೋಳಿಗೆ ಏನ್ ಬರ್ದವ್ರೆ ಅಂತಾನೂ ತಿಳೀತದೆ ಕಣಪ್ಪ. ಮಳೆಗಾಲದಲ್ಲಿ ಅಳ್ಳ ತುಂಬಿದ್ರೆ ರತ್ನಿ ಎಲ್ಲಿಂದ ಓಗ್ಬೇಕು? ದಿನಾ ದನ ಒಡ್ಕೊಂಡು, ತಲೆ ಮೇಲೆ ಒರೆ ಒತ್ಕೊಂಡು ಓಗಾಳು ಅವ್ಳು. ಇವ್ರು ಕಾಗ್ದ ನೋಡಿ ಬರ್ದವ್ರೆ, ಅಳ್ಳ ನೋಡಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ರತ್ನಮ್ಮ ಕಟ್ಟೆಯ ಆಚೆ ತಲೆ ತಗ್ಗಿಸಿ ನಿಂತಿದ್ದಳು. ನಾನು ಗಾಳಿ ನುಂಗಿದೆ. "ಬರ್ದಿದ್ದು. ತಪ್ಪು." ಮತ್ತೆ ನುಂಗಿದೆ. "ಇವಳ್ ಮಾತೇ. ಸರಿ."

ಮೊದಲು ಬಾಯಿ ಬಂದದ್ದು ಚನ್ನಪ್ಪನಿಗೇ. "ಬಸಣ್ಣಾ, ಮಾತು ಬಂತಾ!" ಎಂದು ಜಗಳ ಮರೆತು ನನ್ನ ಎರಡೂ ಕೈ ಹಿಡಿದುಕೊಂಡ. ಮರುದಿನ ಬೆಳಿಗ್ಗೆ ಬೇಲಿಯನ್ನು ಒಂದು ಗಾಡಿಯ ಅಗಲಕ್ಕೆ ಕಿತ್ತಾಗಿತ್ತು. ಅಲ್ಲಿಂದೀಚೆಗೆ ಜಗಳ ಹಿಡಿದುಕೊಂಡು ಬರುವವರು ಇಬ್ಬರನ್ನೂ ಕರೆಯುತ್ತಾರೆ.

ಮತ್ತೆ ಮುಂಗಾರು ಬಂತು. ವರ್ಷದ ತಪಾಸಣೆಗೆ ಹೋದಾಗ ಡಾಕ್ಟರು ಎಲ್ಲ ನೋಡಿ, "ಏನೂ ಇಲ್ಲ, ಶುದ್ಧವಾಗಿದೆ" ಎಂದರು. ಹೊರಗೆ ಬೆಂಚಿನ ಮೇಲೆ ಗಂಡಹೆಂಡತಿ ಕೂತಿದ್ದರು. ಮಾರನೆಯ ದಿನ ಅವನಿಗೆ ನನಗಾದಂಥದೇ ಆಪರೇಷನ್ನು. ಆ ಹೆಂಗಸು ನನ್ನ ಕುತ್ತಿಗೆ ನೋಡಿ, ಹೊನ್ನಮ್ಮನನ್ನು ಮೆಲ್ಲಗೆ ಕೇಳಿದಳು. "ಮಾತು ಬರುತ್ತಾ ಅಕ್ಕಾ?"

"ಬತ್ತದೆ ಕಣವ್ವ. ಮೊದ್ಲು ಕಾಪಿ ಕೇಳ್ತಾರೆ, ಆಮ್ಯಾಕೆ ನಿನ್ನ ಬೈತಾರೆ. ಎದ್ರಬ್ಯಾಡ."

ನಾನು ಆ ಗಂಡಸಿನ ಪಕ್ಕದಲ್ಲಿ ಕೂತೆ. ಅವನ ಒಂದು ಕೈಯಲ್ಲಿ ಫೋನು, ಯಾರಿಗೋ ಅಂಗಡಿಯ ಬೀಗದ ವಿಚಾರ ಹೇಳುತ್ತಿದ್ದ. ಮುಗಿಯುವ ತನಕ ಕಾದು ಹೇಳಿದೆ. ನಾನೂ ಆಪರೇಷನ್ನಿನ ಹಿಂದಿನ ದಿನ ಹೀಗೇ ಮಾಡಿದೆ. ಇಡೀ ದಿನ ಫೋನಿನಲ್ಲಿ ತೋಟಕ್ಕೆ ನೀರು ಬಿಡುವ ವಿಚಾರ, ಮೋಟರಿನ ವಿಚಾರ ಮಾತಾಡಿದೆ. ಪಕ್ಕದಲ್ಲೇ ಕೂತಿದ್ದ ಇವಳಿಗೆ ಆ ದನಿಯಲ್ಲಿ ಒಂದು ಮಾತೂ ಹೇಳಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಇದನ್ನು ಹೇಳಲು ನನಗೆ ಬಹಳ ಗುಟುಕು ಗಾಳಿ ಬೇಕಾಯಿತು. ಅವನು ಫೋನು ಜೇಬಿಗೆ ಹಾಕಿ, ಎದ್ದು, ಹೆಂಡತಿಯನ್ನು ಕರೆದುಕೊಂಡು ಹೊರಗಿನ ಮರದ ಕಡೆ ಹೋದ.

ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಯಶವಂತಪುರ ಬಿಡುತ್ತಿದ್ದಂತೆ ಹೊನ್ನಮ್ಮ, "ಅವ್ನಿಗೆ ಬುದ್ಧಿ ಏಳಿದ್ರಲ್ಲಾ, ಅವತ್ತು ನಂಗೆ ಏಳ್ದೆ ಇದ್ದಿದ್ದು ಏನು?" ಎಂದಳು. ರೈಲಿನ ಸದ್ದಿಗೆ ನನ್ನ ದನಿ ಸಾಲದು. ಅವಳು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು. ಎದುರು ಕೂತವರು ನೋಡಲಿ ಬಿಡಲಿ, ನಾನು ಶುರು ಮಾಡಿದೆ. ಮದುವೆಯಾಗಿ ತೌರಿನಿಂದ ಬರುವಾಗ ಅವಳು ಬಸ್ಸಿನಲ್ಲಿ ಅಳುತ್ತಿದ್ದದ್ದು, ನಾನು ಕಾಣದವನ ಹಾಗೆ ಆಚೆ ತಿರುಗಿ ಕೂತದ್ದು. ಮಗಳು ಹುಟ್ಟಿದ ದಿನ ಒಳಗೆ ಬರಲು ನಾಚಿ ಹೊರಗೇ ನಿಂತದ್ದು. ಎರಡು ಮಾತು, ಒಂದು ಗುಟುಕು ಗಾಳಿ. ಎರಡು ಮಾತು, ಒಂದು ಗುಟುಕು. ತುಮಕೂರು ಹೋಯಿತು, ಗುಬ್ಬಿ ಹೋಯಿತು, ಹೊರಗೆ ಮಳೆ ಹಿಡಿದು ತೆಂಗಿನ ತೋಟಗಳು ಶುರುವಾದವು. ತಿಪಟೂರು ಬಂದು ಜನ ಇಳಿಯಲು ಎದ್ದರು. ನನ್ನದು ಇನ್ನೂ ಅರ್ಧವೂ ಆಗಿರಲಿಲ್ಲ.

"ಇಳೀರಿ ಮೊದ್ಲು" ಎಂದು ಅವಳು ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡಳು. "ಉಳಿದಿದ್ದು ಮನೇಲಿ ಏಳೀರಂತೆ. ಟೈಮೈತೆ."